ಗೆಲುವಿನ ನಂತರದ ಸಾವು: ಕಿತ್ತೂರು ಸೀಮೆಯ ಯುದ್ಧಸ್ಮಾರಕಗಳು ಮತ್ತು ವೀರಗಲ್ಲಿನ ಪರಂಪರೆ

1

ಕನ್ನಡದಲ್ಲಿ ಯುದ್ಧಸ್ಮಾರಕಗಳ ಅಧ್ಯಯನವು ಬಹುಮಟ್ಟಿಗೆ ವೀರಗಲ್ಲುಗಳ ಅಧ್ಯಯನವಾಗಿಯೇ ಬೆಳೆದುಬಂದಿದೆ. ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' (1966), ಆರ್. ಶೇಷಶಾಸ್ತ್ರಿಯವರ 'ಕರ್ನಾಟಕದ ವೀರಗಲ್ಲುಗಳು' (1982), ಅದೇ ವರ್ಷ ಷ. ಶೆಟ್ಟರ್ ಹಾಗೂ ಗುಂಥರ್ ಸೊಂಥೈಮರ್ ಸಂಪಾದಿಸಿದ ಸ್ಮಾರಕಶಿಲೆಗಳ ಕುರಿತ ಇಂಗ್ಲಿಷ್ ಸಂಪುಟ, ಇವು ಈ ಕ್ಷೇತ್ರಕ್ಕೆ ಗಟ್ಟಿಯಾದ ತಳಹದಿ ಹಾಕಿಕೊಟ್ಟಿವೆ. ಆದರೆ ಇಂತಹ ಅಧ್ಯಯನಗಳ ಗಮನ ಸಾಮಾನ್ಯವಾಗಿ ವಿಜಯನಗರ ಕಾಲದ ಆಸುಪಾಸಿನಲ್ಲಿ ನಿಲ್ಲುತ್ತದೆ. ಹತ್ತೊಂಬತ್ತನೆಯ ಶತಮಾನದ ಯುದ್ಧಗಳಲ್ಲಿ ಮಡಿದವರ ವಿಷಯ ಬಂದೊಡನೆ ಅದು 'ಸ್ವಾತಂತ್ರ್ಯ ಹೋರಾಟ' ಎಂಬ ಶೀರ್ಷಿಕೆಯಡಿ ಇತಿಹಾಸ ವಿಭಾಗದ ಪಾಲಾಗುತ್ತದೆ. ಸ್ಮಾರಕವಾಗಿ, ಪಠ್ಯವಾಗಿ ಅದನ್ನು ಓದುವ ಪ್ರಯತ್ನ ವಿರಳ. ಒಂದೇ ನೆಲದಲ್ಲಿ ಒಂದೇ ಬಗೆಯ ಸಾವನ್ನು ಜನ ಹೇಗೆ ನೆನೆದರು ಎಂಬ ಪ್ರಶ್ನೆಯನ್ನು ಹೀಗೆ ಎರಡು ಶಿಸ್ತುಗಳು ಹಂಚಿಕೊಂಡಿರುವುದರಿಂದ, ನಡುವೆ ಬಿದ್ದುಹೋದ ಸಂಗತಿಗಳು ಕೆಲವಿವೆ. ಅವುಗಳಲ್ಲಿ ಒಂದನ್ನು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಪರಿಸರದ ಆಧಾರದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆ ಸಂಗತಿ ಇದು. 1824ರ ಅಕ್ಟೋಬರ್ 23ರಂದು ಕಿತ್ತೂರು ಗೆದ್ದಿತು. ಡಿಸೆಂಬರ್ 5ರಂದು ಸೋತಿತು. ನಡುವೆ ಇದ್ದುದು 43 ದಿನ. ಗೆದ್ದ ದಿನಕ್ಕೆ ಉತ್ಸವವಿದೆ, ಗೆಲ್ಲಿಸಿದ ರಾಣಿಗೆ ಸಮಾಧಿಯಿದೆ, ಮುಂದೆ ಬಂಡೆದ್ದ ರಾಯಣ್ಣನಿಗೆ ಗದ್ದುಗೆಯ ಮಾನವಿದೆ; ಸೋತ ಇಂಗ್ಲಿಷರ ಅಧಿಕಾರಿಗಳಿಗೆ ಧಾರವಾಡದಲ್ಲಿ ಕಂಬವಿದೆ. ಗೆಲುವಿನ ನಂತರ, ಬಿಡುಗಡೆಯ ಬಿಸುಪು ಆರುವ ಮೊದಲೇ ಕೋಟೆಯ ಮೇಲೆ ಸತ್ತ ಸಾಮಾನ್ಯ ಸೈನಿಕರು ಮಾತ್ರ ಈ ಪ್ರಸಿದ್ಧ ಸ್ಮಾರಕಗಳ ಸಾಲಿನಲ್ಲಿ ಹೆಸರಿನಿಂದ ಕಾಣಿಸಿಕೊಳ್ಳುವುದಿಲ್ಲ. ಇದನ್ನು ಕೇವಲ ಮರೆವು ಎಂದು ಕರೆಯುವುದು ಸುಲಭ. ಆದರೆ ಕನ್ನಡ ನಾಡಿನಂತಹ, ಊರ ದನ ಬಿಡಿಸಲು ಹೋಗಿ ಸತ್ತವನಿಗೂ ಕಲ್ಲು ನಿಲ್ಲಿಸಿದ ನಾಡಿನಲ್ಲಿ ಇಂತಹ ಮರೆವು ತಾನೇ ತಾನಾಗಿ ಆಗುವಂತಹುದಲ್ಲ. ಅದಕ್ಕೆ ಕಾರಣಗಳಿರಬೇಕು.

2

ಘಟನೆಗಳ ರೂಪುರೇಷೆ ಪರಿಚಿತವಾದುದೇ. 1818ರಲ್ಲಿ ಪೇಶ್ವೆಯ ಆಳಿಕೆ ಕೊನೆಗೊಂಡು ದಕ್ಷಿಣ ಮರಾಠಾ ಪ್ರದೇಶ ಕಂಪನಿಯ ಕೈಸೇರಿದಾಗ ಕಿತ್ತೂರು ದೇಸಗತಿ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡು ಉಳಿಯಿತು. ದೇಸಾಯಿ ಶಿವಲಿಂಗರುದ್ರಸರ್ಜನು 1824ರ ಸೆಪ್ಟೆಂಬರ್‌ನಲ್ಲಿ ಸಂತಾನವಿಲ್ಲದೆ ತೀರಿಕೊಂಡ. ಆತ ಮಾಡಿಕೊಂಡ ದತ್ತಕವನ್ನು ಧಾರವಾಡದ ಕಲೆಕ್ಟರ್ ಹಾಗೂ ಪೊಲಿಟಿಕಲ್ ಏಜೆಂಟನಾಗಿದ್ದ ಸೇಂಟ್ ಜಾನ್ ಥ್ಯಾಕರೆ ಒಪ್ಪಲಿಲ್ಲ. ಮಲ್ಲಸರ್ಜನ ಪತ್ನಿ ಚೆನ್ನಮ್ಮ ಮಣಿಯಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆರೆದು ಹೊರನುಗ್ಗಿದ ಕಿತ್ತೂರಿನ ಪಡೆಯ ಎದುರು ಥ್ಯಾಕರೆ ಸತ್ತ. ಅವನೊಂದಿಗೆ ಬ್ಲ್ಯಾಕ್, ಸೀವೆಲ್, ಡೈಟನ್ ಎಂಬ ಸೇನಾಧಿಕಾರಿಗಳೂ ಸತ್ತರು. ಥ್ಯಾಕರೆಯ ಮೇಲೆ ಗುಂಡು ಹಾರಿಸಿದವನು ಅಮಟೂರ ಬಾಳಪ್ಪನೆಂಬುದು ಈ ಸೀಮೆಯಲ್ಲಿ ನೆಲೆಗೊಂಡ ಹೇಳಿಕೆ. ವಾಲ್ಟರ್ ಎಲಿಯಟ್ ಮತ್ತು ಸ್ಟೀವನ್ಸನ್ ಎಂಬ ಇಬ್ಬರು ತರುಣ ಅಧಿಕಾರಿಗಳು ಸೆರೆಯಾದರು.

ಮುಂದಿನ ಆರು ವಾರಗಳು ಸಂಧಾನದ ಮಾತಿನಲ್ಲಿ ಕಳೆದವು. ಕಮಿಷನರ್ ಚಾಪ್ಲಿನ್ ಬಂದ. ಕರ್ನಲ್ ಡೀಕನ್ನನ ಕೈಕೆಳಗೆ ದೊಡ್ಡ ಪಡೆ ಕಿತ್ತೂರಿನ ಸುತ್ತ ಜಮಾಯಿಸಿತು. ಸೆರೆಯಾಳುಗಳನ್ನು ಕಿತ್ತೂರಿನವರು ಬಿಟ್ಟುಕೊಟ್ಟರು. ಕೋಟೆ ಮಾತ್ರ ಒಪ್ಪಿಸಲಿಲ್ಲ. ಡಿಸೆಂಬರ್ 3ರಿಂದ ಫಿರಂಗಿ ಹಾರಿದವು, 5ರ ಹೊತ್ತಿಗೆ ಕೋಟೆ ಬಿತ್ತು. ಸೊಲ್ಲಾಪುರದ ಸಬ್ ಕಲೆಕ್ಟರನೂ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋನ ಬಂಧುವೂ ಆಗಿದ್ದ ಮನ್ರೋ ಈ ಮುತ್ತಿಗೆಯಲ್ಲಿ ಗಾಯಗೊಂಡು ಸತ್ತ. ಚೆನ್ನಮ್ಮ ಸೆರೆಯಾಗಿ ಬೈಲಹೊಂಗಲಕ್ಕೆ ಹೋದಳು. 1829ರ ಫೆಬ್ರವರಿಯಲ್ಲಿ ಅಲ್ಲಿಯೇ ತೀರಿಕೊಂಡಳು.

ಈ ಎರಡು ಕಾಳಗಗಳ ನಡುವಿನ ವ್ಯತ್ಯಾಸ ಸ್ಮಾರಕದ ದೃಷ್ಟಿಯಿಂದ ಮಹತ್ವದ್ದು. ಅಕ್ಟೋಬರ್ 23ರ ಸಾವಿಗೆ ಅರ್ಥ ಒದಗಿಸಲು ಅಂದಿನ ಸಂಜೆಯೇ ಸಾಕಿತ್ತು. ಗೆದ್ದವರ ಊರು, ಗೆದ್ದವರ ಅರಮನೆ, ಸತ್ತವರ ಮನೆಯವರನ್ನು ವಿಚಾರಿಸಲು ರಾಣಿ. ಡಿಸೆಂಬರ್ 5ರ ಸಾವಿಗೆ ಇವು ಯಾವುವೂ ಇರಲಿಲ್ಲ. ಸತ್ತವನನ್ನು ಮಣ್ಣು ಮಾಡಲು ಬಂದವರೂ ಆ ಹೊತ್ತಿನಲ್ಲಿ ಶತ್ರುವಿನ ಕಾವಲಿನ ನಡುವೆಯೇ ಬರಬೇಕಾಗಿತ್ತು.

3

ವೀರಗಲ್ಲು ಏನು ಮಾಡುತ್ತದೆ ಎಂಬುದನ್ನು ಇಲ್ಲಿ ನೆನೆಯಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಶಿವಸಾನ್ನಿಧ್ಯ ಎಂಬ ಶಿಲ್ಪವಿನ್ಯಾಸವನ್ನು ವಿದ್ವಾಂಸರು ಸಾಕಷ್ಟು ವಿವರಿಸಿದ್ದಾರೆ. ತುರುಗೋಳ್, ಊರಳಿವು, ಪೆಣ್ಬುಯ್ಯಲ್ ಮೊದಲಾದ ಸಂದರ್ಭಗಳ ವರ್ಗೀಕರಣವೂ ಆಗಿದೆ. ಆದರೆ ಶಿಲ್ಪದ ಸೊಬಗಿಗೆ ಮನಸೋತ ಓದು ಕಲ್ಲಿನ ಇನ್ನೊಂದು ಮುಖವನ್ನು ಹಿಂದಕ್ಕೆ ಸರಿಸಿಬಿಡುವುದುಂಟು. ಬರಹವಿರುವ ಎಷ್ಟೋ ವೀರಗಲ್ಲುಗಳು ಒಂದು ಬಗೆಯ ದಾನಪತ್ರಗಳೂ ಹೌದು. ಸತ್ತವನ ಹೆಸರು, ಸತ್ತ ಕಾರಣ, ಕಲ್ಲು ನಿಲ್ಲಿಸಿದವನ ಹೆಸರು ಹೇಳಿದ ಮೇಲೆ ಶಾಸನವು ಸತ್ತವನ ಮನೆತನಕ್ಕೆ ಬಿಟ್ಟ ಭೂಮಿಯ ವಿಷಯಕ್ಕೆ ಬರುತ್ತದೆ. ಕಲ್ನಾಡು, ನೆತ್ತರುಗೊಡಗೆ, ಬಾಳ್ಗಚ್ಚು ಎಂಬ ಪದಗಳು ಹುಟ್ಟಿರುವುದೇ ಅಲ್ಲಿ. 'ನೆತ್ತರುಗೊಡಗೆ' ಎಂಬ ಮಾತಿನ ಬಿರುಸನ್ನು ಗಮನಿಸಬೇಕು. ಅದರಲ್ಲಿ ಅಲಂಕಾರವಿಲ್ಲ, ನೆತ್ತರಿಗೆ ಪ್ರತಿಯಾಗಿ ಕೊಟ್ಟ ಹೊಲ ಎಂದಷ್ಟೇ ಅರ್ಥ.

ಬೇಗೂರಿನ ಪ್ರಸಿದ್ಧ ಶಾಸನ ಇದಕ್ಕೆ ಒಳ್ಳೆಯ ನಿದರ್ಶನ. ಗಂಗ ಎರೆಯಪ್ಪನ ಆಜ್ಞೆಯಂತೆ ಅಯ್ಯಪದೇವನ ನೆರವಿಗೆ ಹೋದ ನಾಗತ್ತರನು ತುಂಬೆಪಾಡಿಯಲ್ಲಿ ವೀರಮಹೇಂದ್ರನ ವಿರುದ್ಧ ಕಾದಿ ಸತ್ತ. ಎರೆಯಪ್ಪನು ಆ ನಾಗತ್ತರನ ಪಟ್ಟವನ್ನು ಇರುಗನಿಗೆ ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ; ಆ ಊರುಗಳ ಹೆಸರನ್ನೂ ಕಲ್ಲು ಹೇಳುತ್ತದೆ. ಸತ್ತವನ ಸ್ಥಾನ ತೆರವಾಗಿ ಉಳಿಯಲಿಲ್ಲ, ಅದರ ಆದಾಯವೂ ನಿಲ್ಲಲಿಲ್ಲ. ತಕ್ಕೋಲದ ಕಾಳಗದ ನೆನಪನ್ನು ಹೊತ್ತ ಆತಕೂರಿನ ಕಲ್ಲು (ಸು. 950) ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮಣಲೆರನು ತನ್ನ ಶೌರ್ಯಕ್ಕೆ ಮೆಚ್ಚಾಗಿ ಬೂತುಗನಿಂದ ಪಡೆದ ಕಾಳಿ ಎಂಬ ನಾಯಿ ಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೆ ಕಲ್ಲು ನಿಂತಿತು, ಕಲ್ಲಿನ ಪೂಜೆಗೆ ಭೂಮಿ ಬಿಡಲಾಯಿತು. ಹತ್ತನೆಯ ಶತಮಾನದ ಬೇಟೆನಾಯಿಯೊಂದರ ಹೆಸರು ನಮಗೆ ಗೊತ್ತಿದೆ. ಕಿತ್ತೂರಿನ ಕೋಟೆಗೋಡೆಯ ಮೇಲೆ 1824ರಲ್ಲಿ ಸತ್ತ ಬಹುತೇಕ ಆಳುಗಳ ಹೆಸರು ನಮ್ಮ ಪಠ್ಯಗಳಲ್ಲಿಲ್ಲ.

ಇದರಿಂದ ತಿಳಿಯುವುದೇನೆಂದರೆ, ವೀರಗಲ್ಲು ನಿಲ್ಲಲು ಸಾವಷ್ಟೇ ಸಾಲದು. ಸತ್ತವನ ಋಣವನ್ನು ಒಪ್ಪಿಕೊಳ್ಳುವ ಒಡೆಯನೊಬ್ಬ ಸಾವಿನ ಮರುದಿನವೂ ಉಳಿದಿರಬೇಕು. ಆತನ ಕೈಯಲ್ಲಿ ಕೊಡಲು ಭೂಮಿ ಇರಬೇಕು. ಒಡೆಯನಲ್ಲದಿದ್ದರೆ ಊರ ಮಹಾಜನರೋ ಗಾವುಂಡನೋ ಆ ಹೊಣೆ ಹೊರಬಲ್ಲವರಾಗಿರಬೇಕು. ನಾಗತ್ತರ ಸತ್ತ ಕಾಳಗದಲ್ಲಿ ಗೆಲುವು ಯಾರದೇ ಆಗಿರಲಿ, ಎರೆಯಪ್ಪ ಉಳಿದಿದ್ದ. ಕಿತ್ತೂರಿನಲ್ಲಿ ಡಿಸೆಂಬರ್ 5ರ ನಂತರ ಅಂತಹ ಎರೆಯಪ್ಪ ಯಾರೂ ಉಳಿಯಲಿಲ್ಲ. ದೇಸಗತಿ ಖಾಲ್ಸಾ ಆಯಿತು. ಭೂಮಿ ಕೊಡುವ ಅಧಿಕಾರ ಯಾರ ವಿರುದ್ಧ ಹೋರಾಡಿ ಇವರು ಸತ್ತಿದ್ದರೋ ಅವರ ಕೈಗೆ ಹೋಯಿತು.

ಪರಿಣಾಮ ಇಷ್ಟಕ್ಕೆ ನಿಲ್ಲಲಿಲ್ಲ. ಕಿತ್ತೂರಿನ ಪಡೆಯಲ್ಲಿ ಗಣನೀಯ ಭಾಗ ಶೇತಸನದಿಗಳದು. ಸಂಬಳಕ್ಕೆ ಬದಲಾಗಿ ಹೊಲ ಉಂಬಳಿ ಪಡೆದು ಊರ ಕಾವಲು ಕಾಯುತ್ತ, ಕರೆ ಬಂದಾಗ ಕತ್ತಿ ಹಿಡಿದು ಹೊರಡುವ ವರ್ಗವಿದು. ಸಂಗೊಳ್ಳಿ ರಾಯಣ್ಣನೂ ಶೇತಸನದಿಯೇ. ಆಳ್ವಿಕೆ ಬದಲಾದ ಮೇಲೆ ಆತನ ಹೊಲದ ಒಂದು ಭಾಗ ಜಪ್ತಿಯಾಗಿ ಉಳಿದುದಕ್ಕೆ ತೆರಿಗೆ ಬಿದ್ದಿತೆಂಬುದು 1830ರ ಬಂಡಾಯದ ಹಿನ್ನೆಲೆಯಾಗಿ ಎಲ್ಲ ಕಥನಗಳೂ ಹೇಳುವ ಮಾತು. ಅಂದರೆ ಹಳೆಯ ಕ್ರಮ ಇಲ್ಲಿ ತಲೆಕೆಳಗಾಗಿದೆ. ವೀರಗಲ್ಲಿನ ಲೋಕದಲ್ಲಿ ಕಾದಿದವನ ಮನೆಗೆ ಹೊಲ ಬರುತ್ತಿತ್ತು. ಇಲ್ಲಿ ಕಾದಿದವನ ಮನೆಯಿಂದ ಹೊಲ ಹೋಯಿತು. ರಾಯಣ್ಣನ ಬಂಡಾಯದಲ್ಲಿ ಬೀಡಿ, ನಂದಗಡ, ಸಂಪಗಾವಿಗಳ ಸರಕಾರಿ ಕಚೇರಿಗಳೇ ಗುರಿಯಾದುದಕ್ಕೆ, ಅಲ್ಲಿನ ದಫ್ತರಗಳಿಗೆ ಬೆಂಕಿ ಬಿದ್ದುದಕ್ಕೆ ಈ ಹಿನ್ನೆಲೆಯಲ್ಲಿ ಬೇರೆಯೇ ಅರ್ಥ ಬರುತ್ತದೆ. ನೆತ್ತರುಗೊಡಗೆಯನ್ನು ಬರೆದುಕೊಡಬೇಕಾದ ಕಾಗದವೇ ಅದನ್ನು ಕಸಿದುಕೊಂಡಿತ್ತು.

4

ಇದೇ ಕಾಲದಲ್ಲಿ ಕಂಪನಿ ತನ್ನವರನ್ನು ನೆನೆದ ರೀತಿಯನ್ನು ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ಧಾರವಾಡದಲ್ಲಿರುವ ಥ್ಯಾಕರೆಯ ಸ್ಮಾರಕಸ್ತಂಭ ಆತನನ್ನೂ ಆತನೊಂದಿಗೆ ಸತ್ತ ಅಧಿಕಾರಿಗಳನ್ನೂ ನೆನೆಯುವಂತಹುದು. ಈತ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆಯ ಚಿಕ್ಕಪ್ಪ ಎಂಬ ಸಂಗತಿಯನ್ನು ಧಾರವಾಡದ ಅಧ್ಯಾಪಕರು ತರಗತಿಯಲ್ಲಿ ಹೇಳದೆ ಬಿಡುವುದು ಅಪರೂಪ. ಕೆಲವೇ ವರ್ಷಗಳ ಹಿಂದೆ, 1818ರ ಜನವರಿ 1ರ ಕೋರೆಗಾವ್ ಕಾಳಗದ ನೆನಪಿಗೆ ಅದೇ ಕಂಪನಿ ನಿಲ್ಲಿಸಿದ ಸ್ತಂಭದಲ್ಲಿ ಮಡಿದ 49 ಜನರ ಹೆಸರುಗಳಿದ್ದು ಅವುಗಳಲ್ಲಿ 22 ಮಹಾರ ಸೈನಿಕರವು. ಕಂಪನಿಗೆ ಸಾಮಾನ್ಯ ಸಿಪಾಯಿಯ ಹೆಸರು ಕೆತ್ತುವುದು ಗೊತ್ತಿರಲಿಲ್ಲವೆಂದಲ್ಲ. ಗೆಲುವೆಂದು ತಾನು ಬಗೆದ ಕಾಳಗದಲ್ಲಿ ಅದು ಕೆತ್ತಿತು. ಅಲ್ಲಿಯೂ ಸ್ಮಾರಕವನ್ನು ನಿರ್ಧರಿಸಿದ್ದು ಸಾವಿನ ಘನತೆಗಿಂತ ಹೆಚ್ಚಾಗಿ ಮರುದಿನ ಉಳಿದ ಅಧಿಕಾರ. ಈ ಮಟ್ಟಿಗೆ ಬೇಗೂರಿಗೂ ಕೋರೆಗಾವಿಗೂ ಹೋಲಿಕೆಯಿದೆ. ಸತ್ತ ಪ್ರತಿಯೊಬ್ಬ ಸಾಮಾನ್ಯ ಸೈನಿಕನ ಹೆಸರನ್ನೂ ಕಲ್ಲಿಗೇರಿಸುವ ವಾಡಿಕೆ ಯುರೋಪಿನಲ್ಲಿಯೇ ವ್ಯಾಪಕವಾದುದು ಮೊದಲ ಮಹಾಯುದ್ಧದ ನಂತರ. 1931ರಲ್ಲಿ ಪೂರ್ಣಗೊಂಡ ದೆಹಲಿಯ ಇಂಡಿಯಾ ಗೇಟಿನ ಮೇಲೆ 13 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ.

ಸೆರೆಯಾಳು ವಾಲ್ಟರ್ ಎಲಿಯಟ್‌ನ ಮುಂದಿನ ಬದುಕು ಈ ಕಥನಕ್ಕೆ ವಿಚಿತ್ರವಾದ ತಿರುವನ್ನು ಕೊಡುತ್ತದೆ. ಕಿತ್ತೂರಿನವರ ಕೈಯಲ್ಲಿ ವಾರಗಟ್ಟಲೆ ಸೆರೆಯಿದ್ದು ಜೀವಸಹಿತ ಬಿಡುಗಡೆಯಾದ ಈ ತರುಣ, ಇದೇ ಸೀಮೆಯಲ್ಲಿ ಅಧಿಕಾರಿಯಾಗಿದ್ದು, ಊರೂರಿನ ಕನ್ನಡ ಶಾಸನಗಳನ್ನು ಪ್ರತಿಮಾಡಿಸತೊಡಗಿದ. 595 ಶಾಸನಗಳ ಆ ಹಸ್ತಪ್ರತಿ ಸಂಗ್ರಹ 'ಕರ್ನಾಟಕ ದೇಶ ಇನ್‌ಸ್ಕ್ರಿಪ್ಷನ್ಸ್' ಎಂದು ಪ್ರಸಿದ್ಧವಾಗಿದೆ. 1830ರ ದಶಕದಲ್ಲಿ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅದರ ಆಧಾರದಿಂದ ಆತ ಬರೆದ ಲೇಖನ ಚಾಲುಕ್ಯ ವಂಶಾವಳಿಯ ಅಧ್ಯಯನಕ್ಕೆ ನಾಂದಿಯಾಯಿತು. ಆ ಸಂಗ್ರಹವನ್ನು ಮುಂದೆ ಬಳಸಿಕೊಂಡವನು ಜೆ.ಎಫ್. ಫ್ಲೀಟ್. ಸವದತ್ತಿಯ ರಟ್ಟರ ಶಾಸನಗಳನ್ನು ಸಂಪಾದಿಸಿ ಪ್ರಕಟಿಸಿದವನೂ ಇವನೇ. ಹೀಗೆ ಈ ಪ್ರದೇಶದ ಪ್ರಾಚೀನ ಕಲ್ಲುಗಳ ಓದು ಆರಂಭವಾದುದು ಕಿತ್ತೂರಿನ ಸೋಲಿನಿಂದ ನೆಲೆಯೂರಿದ ಆಡಳಿತದ ನೆರಳಿನಲ್ಲಿ. ಸಾವಿರ ವರ್ಷದ ಹಿಂದಿನ ಕಾಳಗಗಳಲ್ಲಿ ಬಿದ್ದವರ ಹೆಸರನ್ನು ಶ್ರದ್ಧೆಯಿಂದ ಪ್ರತಿಮಾಡಿಸಿದವನಿಗೆ, ತನ್ನನ್ನು ಸೆರೆಯಲ್ಲಿಟ್ಟು ಕಾದವರಲ್ಲಿ ಕೆಲವರ ಮುಖಪರಿಚಯವಾದರೂ ಇದ್ದಿರಬೇಕು. ಇದನ್ನು ದೂಷಣೆಯಾಗಿ ಹೇಳಬೇಕಿಲ್ಲ. ಶಾಸನಶಾಸ್ತ್ರದ ಋಣ ದೊಡ್ಡದು. ಆದರೆ ಯಾವುದು ಸ್ಮಾರಕ, ಯಾವುದು ಅಲ್ಲ ಎಂಬ ನಮ್ಮ ಶಿಸ್ತಿನ ಮೊದಲ ನಿರ್ಧಾರಗಳು ಎಲ್ಲಿ ನಿಂತು ಆದವು ಎಂಬುದನ್ನು ಮರೆಯಬಾರದು.

5

ಅಧಿಕಾರ ಕೈಬಿಟ್ಟ ನೆನಪನ್ನು ಜನ ಕೈಬಿಡಲಿಲ್ಲ. ಆದರೆ ಅವರು ಆರಿಸಿಕೊಂಡ ರೂಪಗಳು ಬೇರೆ.

ಮೊದಲನೆಯದು ಸಮಾಧಿ. ಬೈಲಹೊಂಗಲದಲ್ಲಿರುವ ಚೆನ್ನಮ್ಮನ ಸಮಾಧಿ ಯುದ್ಧದಲ್ಲಿ ಮಡಿದವಳ ಸ್ಮಾರಕವಲ್ಲ, ಸೆರೆಯಲ್ಲಿ ತೀರಿಕೊಂಡವಳದು. ಲಿಂಗಾಯತ ಸಂಪ್ರದಾಯದಲ್ಲಿ ಸಮಾಧಿಗೆ ಇರುವ ಸ್ಥಾನದಿಂದಾಗಿ ಅದು ಊರಿನ ನಡುವೆ ಉಳಿಯಲು ಸಾಧ್ಯವಾಯಿತು. ವೈರಿಗಳು ಅದನ್ನು ತಡೆಯಬೇಕಾದ ಅಗತ್ಯವಿರಲಿಲ್ಲ; ಅದು ಒಬ್ಬ ಹೆಣ್ಣುಮಗಳ ಅಂತ್ಯಕ್ರಿಯೆ, ಬಂಡಾಯದ ಗುರುತಲ್ಲ ಎಂದು ಅವರಿಗೆ ತೋರಿರಬಹುದು. ರಾಜಕೀಯ ಸ್ಮಾರಕಕ್ಕೆ ಅವಕಾಶವಿಲ್ಲದೆಡೆ ಧಾರ್ಮಿಕ ಸಂಸ್ಕಾರ ಆ ಕೆಲಸವನ್ನು ಮೌನವಾಗಿ ನೆರವೇರಿಸಿದೆ.

ನಂದಗಡದ ರಾಯಣ್ಣನ ಸಮಾಧಿಯಲ್ಲಿ ಈ ಕ್ರಿಯೆ ಇನ್ನೂ ಸ್ಪಷ್ಟ. 1831ರ ಜನವರಿ 26ರಂದು ರಾಯಣ್ಣನನ್ನು ಗಲ್ಲಿಗೇರಿಸಿದ ಊರದು. ಸಮಾಧಿಯ ಮೇಲಿನ ಆಲದ ಮರವನ್ನು ಆತನ ಸಂಗಡಿಗನೊಬ್ಬ ವೇಷ ಮರೆಸಿಕೊಂಡು ಬಂದು ನೆಟ್ಟನೆಂದು ಜನ ಹೇಳುತ್ತಾರೆ. ಮಕ್ಕಳಿಲ್ಲದವರು ಅಲ್ಲಿ ಹರಕೆ ಹೊತ್ತು ತೊಟ್ಟಿಲು ಕಟ್ಟುತ್ತಾರೆ. ಗಲ್ಲಿಗೇರಿದವನು ಸಂತಾನ ಕೊಡುವವನಾಗುವ ಈ ಮಾರ್ಪಾಡು ಜಾನಪದ ವಿದ್ವಾಂಸರಿಗೆ ಹೊಸದಲ್ಲ. ಅಕಾಲದಲ್ಲಿ, ಅನ್ಯಾಯವಾಗಿ ಸತ್ತವರು ಊರ ದೈವವಾಗುವುದು ಕರ್ನಾಟಕದ ಎಲ್ಲೆಡೆ ಕಾಣಬಹುದಾದ ವಿದ್ಯಮಾನ. ವೀರಗಲ್ಲಿನ ವೀರನೂ ಕಾಲಾನಂತರದಲ್ಲಿ ಬೀರಪ್ಪನೋ ಕಲ್ಲಪ್ಪನೋ ಆಗಿ ಎಣ್ಣೆ, ಕುಂಕುಮ ಪಡೆಯುವುದುಂಟು. ನಂದಗಡದಲ್ಲಿ ನಡುವಿನ ಕಲ್ಲನ್ನು ಬಿಟ್ಟು ನೇರವಾಗಿ ಮರಕ್ಕೆ ಬರಲಾಗಿದೆ. ಕಲ್ಲು ನಿಲ್ಲಿಸಲು ಅಪ್ಪಣೆ ಬೇಕು. ಸಸಿ ನೆಡಲು ಬೇಡ. ರಾಯಣ್ಣನ ಮರಣದಿನ ಗಣರಾಜ್ಯೋತ್ಸವದೊಂದಿಗೂ, ರೂಢಿಯಲ್ಲಿರುವ ಜನ್ಮದಿನ ಆಗಸ್ಟ್ 15ರೊಂದಿಗೂ ಕೂಡಿಬಂದುದು ಆಧುನಿಕ ಕಾಲದಲ್ಲಿ ಆತನ ಸ್ಮರಣೆಗೆ ಒದಗಿದ ಅನಿರೀಕ್ಷಿತ ಆಸರೆ. ಡಿಸೆಂಬರ್ 5ಕ್ಕೆ ಪಂಚಾಂಗದಲ್ಲಿ ಅಂತಹ ಆಸರೆಯೂ ಇಲ್ಲ.

ಈ ಎರಡೂ ಸ್ಮಾರಕಗಳು ಸೋಲಿನ ಆಚೆಗಿನ ಸಾವುಗಳನ್ನು ನೆನೆಯುತ್ತವೆ. ಒಂದು ನಾಲ್ಕು ವರ್ಷಗಳ, ಇನ್ನೊಂದು ಆರು ವರ್ಷಗಳ ಅನಂತರದ್ದು. ಪ್ರತಿವರ್ಷ ಅಕ್ಟೋಬರ್ 23ರಿಂದ ನಡೆಯುವ ಕಿತ್ತೂರು ಉತ್ಸವ ಸೋಲಿನ ಈಚೆಗಿನ ಗೆಲುವನ್ನು ನೆನೆಯುತ್ತದೆ. ಜ್ಯೋತಿ, ಮೆರವಣಿಗೆ, ಗೋಷ್ಠಿ, ಕುಸ್ತಿ ಎಲ್ಲವೂ ಗೆಲುವಿಗೆ ಒಪ್ಪುವಂತಹವು. ಸ್ವಾತಂತ್ರ್ಯಾನಂತರದ ಸ್ಮರಣೆಗೆ ಅದು ಬೇಕಾಗಿಯೂ ಇತ್ತು. 1961ರ 'ಕಿತ್ತೂರು ಚೆನ್ನಮ್ಮ' ಚಲನಚಿತ್ರದಿಂದ ಹಿಡಿದು 2007ರಲ್ಲಿ ಸಂಸತ್ ಭವನದ ಆವರಣದಲ್ಲಿ ಅನಾವರಣಗೊಂಡ ಪ್ರತಿಮೆಯವರೆಗೆ ಕಾಣುವುದು ಕತ್ತಿ ಎತ್ತಿದ ರಾಣಿ. ಡಿಸೆಂಬರಿನ ಸೋಲಿಗೆ ಕಥನದಲ್ಲಿ ಉಳಿದ ಜಾಗ ದ್ರೋಹದ್ದು. ಮಲ್ಲಪ್ಪಶೆಟ್ಟಿ, ವೆಂಕಟರಾಯರು ಮದ್ದಿಗೆ ಕಲಬೆರಕೆ ಮಾಡಿಸಿದರು, ಆದ್ದರಿಂದ ಫಿರಂಗಿ ಹಾರಲಿಲ್ಲ ಎಂಬ ಹೇಳಿಕೆ ನಾಟಕಗಳಲ್ಲಿ, ಪದಗಳಲ್ಲಿ ಬೇರೂರಿದೆ. ಅದರ ಐತಿಹಾಸಿಕತೆ ಇಲ್ಲಿನ ಪ್ರಶ್ನೆಯಲ್ಲ. ಸ್ಮಾರಕದ ದೃಷ್ಟಿಯಿಂದ ಆ ಕಥೆ ಮಾಡುವ ಕೆಲಸವನ್ನು ಮಾತ್ರ ನೋಡಬೇಕು. ಅದು ಸೋಲನ್ನು ವಿವರಿಸುತ್ತದೆ, ಆದರೆ ಸೋಲಿನಲ್ಲಿ ಸತ್ತವರಿಂದ ದೃಷ್ಟಿಯನ್ನು ಕದಲಿಸಿಬಿಡುತ್ತದೆ. ಹಾರದ ಫಿರಂಗಿಯ ಪಕ್ಕದಲ್ಲಿ ಕೊನೆಯವರೆಗೆ ನಿಂತವನು ಯಾರು ಎಂದು ಯಾರೂ ಕೇಳುವುದಿಲ್ಲ. ಮದ್ದು ಕೆಡಿಸಿದವನ ಹೆಸರು ಎಲ್ಲರಿಗೂ ಗೊತ್ತು.

6

ಹಾಗಾದರೆ ಹೆಸರುಗಳನ್ನು ಹಿಡಿದಿಟ್ಟ ಪ್ರಕಾರ ಯಾವುದೂ ಇಲ್ಲವೆ? ಇದೆ, ಅದು ಲಾವಣಿ. ಫ್ಲೀಟ್ 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಪ್ರಕಟಿಸತೊಡಗಿದ ಕನ್ನಡ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣನದೂ ಹಲಗಲಿ ಬೇಡರದೂ ಸೇರಿವೆ. ಶಾಸನಗಳನ್ನು ಓದಿದ ಕಣ್ಣೇ ಹಾಡನ್ನೂ ದಾಖಲಿಸಿತೆಂಬುದು ಆಕಸ್ಮಿಕವಾಗಿರಲಾರದು. ಎರಡರಲ್ಲಿಯೂ ಊರು, ಹೆಸರು, ಕಾರಣ ಹೇಳುವ ಗುಣ ಒಂದೇ.

ರಾಮದುರ್ಗಕ್ಕೆ ದೂರವಲ್ಲದ ಮುಧೋಳ ತಾಲ್ಲೂಕಿನ ಹಲಗಲಿಯ ಲಾವಣಿಯನ್ನು ಈ ದೃಷ್ಟಿಯಿಂದ ಓದಬೇಕು. ಪ್ರೌಢಶಾಲೆಯ ಪಠ್ಯದಲ್ಲಿ ಇದ್ದುದರಿಂದ ಅದು ಎಲ್ಲರಿಗೂ ಪರಿಚಿತ. ಹೆಚ್ಚು ಪರಿಚಯದಿಂದಲೇ ಅದರ ರಚನೆ ಕಣ್ಣಿಗೆ ಬೀಳದೆ ಹೋಗಿದೆ. 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಕಾಯಿದೆ ಬಂದಾಗ ಒಪ್ಪದ ಹಲಗಲಿಯ ಬೇಡರ ಮೇಲೆ ದಂಡು ಬಂದು ಊರನ್ನು ಸುಟ್ಟ ಘಟನೆ ಅದರ ವಸ್ತು. ಜಡಗ, ಬಾಲ, ರಾಮ, ಹನುಮ ಎಂದು ನಾಯಕರನ್ನು ಹೆಸರಿಸಿದ ಮೇಲೆ ಲಾವಣಿಕಾರ ಗೆಲುವಿನ ಸುಳ್ಳು ಸಮಾಧಾನ ಹೇಳುವುದಿಲ್ಲ. ಬದಲಿಗೆ ಲೂಟಿಯಾದ ವಸ್ತುಗಳ ಪಟ್ಟಿ ಕೊಡುತ್ತಾನೆ. ಕೊಡಲಿಯಿಂದ ತೊಡಗಿ ಹಾಲು, ಬೆಣ್ಣೆ, ಉಪ್ಪು, ಎಣ್ಣೆ, ಬೆಲ್ಲ, ಗಂಗಾಳ, ಮಂಗಳಸೂತ್ರ, ಬೀಸುಕಲ್ಲಿನವರೆಗೆ ಬರುವ ಆ ಪಟ್ಟಿ ಶಾಸನದ ದಾನದ ವಿವರವನ್ನು ನೆನಪಿಗೆ ತರುತ್ತದೆ. ದಾನಶಾಸನ ಕೊಟ್ಟದ್ದನ್ನು ಎಣಿಸುತ್ತದೆ, ಈ ಲಾವಣಿ ಕಸಿದದ್ದನ್ನು ಎಣಿಸುತ್ತದೆ. ವೀರಗಲ್ಲು ಮತ್ತು ನೆತ್ತರುಗೊಡಗೆಗಳ ಜೋಡಿ ಒಡೆದ ಮೇಲೆ, ಕೊಡುವವರಿಲ್ಲದ ಕಾಲದಲ್ಲಿ ಹುಟ್ಟಬಹುದಾಗಿದ್ದ ಸ್ಮಾರಕ ಇಂತಹುದೇ ಎನ್ನಬಹುದು. ಕೊನೆಯಲ್ಲಿ ಬರುವ ಅಂಕಿತ ಶಾಸನದ ಲಿಪಿಕಾರನ ಹೆಸರಿನ ಸ್ಥಾನದಲ್ಲಿ ನಿಂತಿದೆ.

ಇದಕ್ಕೆ ಹೋಲಿಸಿದರೆ ರಾಮದುರ್ಗ ತಾಲ್ಲೂಕಿನ ಸುರೇಬಾನದಲ್ಲಿ 1858ರ ಮೇ 29ರ ರಾತ್ರಿ ನರಗುಂದದ ಬಾಬಾಸಾಹೇಬನ ಕಡೆಯವರು ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದ ಘಟನೆ ಒಬ್ಬ ಅಧಿಕಾರಿ, ಒಬ್ಬ ದೊರೆ ಇವರ ಎದುರುಬದುರಿನ ಕಥೆಯಾಗಿ ಹೆಚ್ಚು ಪ್ರಚಲಿತ. ಜೂನ್ 12ರಂದು ಬೆಳಗಾವಿಯಲ್ಲಿ ದೊರೆಗೆ ಗಲ್ಲಾಯಿತು. ನಡುವಿನ ಎರಡು ವಾರಗಳಲ್ಲಿ ನರಗುಂದದ ಬಯಲಲ್ಲಿ ಬಿದ್ದವರು ಇಲ್ಲಿಯೂ ಕಥೆಯ ಅಂಚಿನಲ್ಲಿಯೇ ಇದ್ದಾರೆ.

ಲಾವಣಿ ಎಲ್ಲವನ್ನೂ ಉಳಿಸುವುದಿಲ್ಲ ಎಂಬುದನ್ನೂ ಒಪ್ಪಬೇಕು. ಹಾಡುವವನಿಗೆ ನಾಯಕ ಬೇಕು, ಕೇಳುವವರಿಗೆ ತಿರುವು ಬೇಕು. ಬೈಲಹೊಂಗಲ ಸೀಮೆಯ ಒಂದು ಕೊಲೆ 'ಸಂಗ್ಯಾ ಬಾಳ್ಯಾ' ಸಣ್ಣಾಟವಾಗಿ ಉತ್ತರ ಕರ್ನಾಟಕದ ಮನೆಮಾತಾಗಿರುವಾಗ, ಅದೇ ಸೀಮೆಯ ಕೋಟೆಯ ಗೋಡೆಯ ಮೇಲೆ ಮೂರು ದಿನ ನಿಂತು ಸತ್ತವರ ಆಟ ಆ ಮಟ್ಟದ ಪ್ರಸಿದ್ಧಿಗೆ ಬರಲಿಲ್ಲ. ಗುಂಪಿನ ಸಾವನ್ನು ರಂಗದ ಮೇಲೆ ತರುವುದು ಕಷ್ಟ. ಅಮಟೂರ ಬಾಳಪ್ಪ ಉಳಿದಿರುವುದು ಆತ ಥ್ಯಾಕರೆಯನ್ನು ಹೊಡೆದವನಾದ್ದರಿಂದ. ಆತನ ಹೆಸರಿನೊಂದಿಗೆ ಊರಿನ ಹೆಸರೂ ಅಂಟಿಕೊಂಡಿರುವುದು, ಸಂಗೊಳ್ಳಿ ರಾಯಣ್ಣನ ಹೆಸರಿನಂತೆಯೇ, ಗಮನಿಸತಕ್ಕ ಅಂಶ. ಮನೆತನದ ಹೆಸರಾಗಿ, ಗುರುತಾಗಿ ಊರು ಮುಂದೆ ಬರುವ ಈ ನಾಮಪದ್ಧತಿ ಸ್ಮಾರಕದ ಕೆಲಸವನ್ನೂ ಮಾಡುತ್ತದೆ: ಹೆಸರು ಹೇಳಿದೊಡನೆ ಸತ್ತವನ ಊರು ಬದುಕಿರುತ್ತದೆ.

7

ಡಿಸೆಂಬರಿನಲ್ಲಿ ಮಡಿದವರನ್ನು ಹುಡುಕುವ ಕೆಲಸ ಕನ್ನಡ ವಿಭಾಗಗಳ ಪಾಲಿಗೆ ಇನ್ನೂ ತೆರೆದಿದೆ. ಎಂ.ಎಂ. ಕಲಬುರ್ಗಿಯವರು ಕೈಗೊಂಡ ಕಿತ್ತೂರು ಸಂಸ್ಥಾನ ಸಾಹಿತ್ಯದ ಸಂಪಾದನೆ ಕಾಗದಪತ್ರ, ಹಾಡು, ದಾಖಲೆಗಳನ್ನು ಒಟ್ಟಿಗೆ ಓದಬೇಕೆಂಬ ದಾರಿಯನ್ನು ತೋರಿಸಿದೆ. ಅಲ್ಲಿಂದ ಮುಂದಕ್ಕೆ ಹೋಗಲು ಎರಡು ಆಕರಗಳತ್ತ ವಿಶೇಷವಾಗಿ ನೋಡಬಹುದು.

ಒಂದು, ಇನಾಮು ವಿಚಾರಣೆಯ ದಾಖಲೆಗಳು. 1852ರ ಕಾಯಿದೆಯಂತೆ ಮುಂಬಯಿ ಪ್ರಾಂತದಲ್ಲಿ ನಡೆದ ಇನಾಮು ಕಮಿಷನ್ನಿನ ಎದುರು ಭೂಮಿ ಅನುಭವಿಸುತ್ತಿದ್ದ ಪ್ರತಿ ಮನೆತನವೂ ತನ್ನ ಹಕ್ಕು ಎಲ್ಲಿಂದ ಬಂತೆಂದು ಹೇಳಬೇಕಾಯಿತು. ಆ ವಿಚಾರಣೆ ದೇಸಾಯಿ, ಇನಾಮದಾರರಿಗೆ ತಂದ ಸಂಕಟ ಇತಿಹಾಸದಲ್ಲಿ ಚರ್ಚಿತವಾಗಿದೆ. ಆದರೆ ಹಕ್ಕು ಉಳಿಸಿಕೊಳ್ಳಲು ಬಂದವರು ತಮ್ಮ ಹಿರಿಯರ ಚಾಕರಿಯ ವಿವರ ಹೇಳದೆ ಬೇರೆ ಗತಿಯಿರಲಿಲ್ಲ. ಹಳೆಯ ಸಂಪಗಾಂವ ತಾಲ್ಲೂಕಿನ ಊರುಗಳ ಕೈಫಿಯತ್ತುಗಳನ್ನು ಈ ಕಣ್ಣಿನಿಂದ ಓದಿದರೆ, ಕಿತ್ತೂರಿಗೆ ಆಳು ಕಳಿಸಿದ ಶೇತಸನದಿ ಮನೆತನಗಳ ಹೆಸರು ಸಿಗುವ ಸಂಭವ ಹೆಚ್ಚು. ಕಂಪನಿಯ ವಿರುದ್ಧ ಕಾದಿದ ಸಂಗತಿಯನ್ನು ಅದೇ ಕಂಪನಿಯ ಗುಮಾಸ್ತನ ಎದುರು ಯಾರೂ ಹೆಮ್ಮೆಯಿಂದ ಹೇಳಿರಲಾರರು. ಮಾತು ಎಲ್ಲಿ ತಟ್ಟನೆ ನಿಲ್ಲುತ್ತದೆ, ಯಾವ ತಲೆಮಾರಿನ ಹೆಸರಿನ ಮುಂದೆ ಚಾಕರಿಯ ವಿವರ ಇಲ್ಲವಾಗುತ್ತದೆ ಎಂಬುದನ್ನು ಓದುವುದೇ ಅಲ್ಲಿನ ಪಠ್ಯವಿಮರ್ಶೆ.

ಇನ್ನೊಂದು, ಊರೊಳಗಿನ ಬರಹವಿಲ್ಲದ ಕಲ್ಲುಗಳು. ಬೈಲಹೊಂಗಲ, ಸವದತ್ತಿ ತಾಲ್ಲೂಕುಗಳ ವೀರಗಲ್ಲುಗಳನ್ನು ಸಮೀಕ್ಷೆ ಮಾಡುವವರು ಸಾಮಾನ್ಯವಾಗಿ ಲಿಪಿಯಿರುವವನ್ನು ಆರಿಸಿಕೊಳ್ಳುತ್ತಾರೆ, ಉಳಿದವನ್ನು ಶೈಲಿಯ ಆಧಾರದ ಮೇಲೆ ಹಿಂದಿನ ಶತಮಾನಗಳಿಗೆ ತಳ್ಳುತ್ತಾರೆ. ಬೆಳವಡಿ ಮಲ್ಲಮ್ಮನ ಕಥನದೊಂದಿಗೆ ಸಂಬಂಧ ಕಲ್ಪಿಸಲಾಗುವ ಯಾದವಾಡದ ಶಿವಾಜಿ ಶಿಲ್ಪ, ಹದಿನೇಳನೆಯ ಶತಮಾನದ ಘಟನೆಗೂ ಈ ಸೀಮೆಯಲ್ಲಿ ಕಲ್ಲಿನ ನೆನಪು ಅಪರಿಚಿತವಾಗಿರಲಿಲ್ಲವೆಂದು ಸೂಚಿಸುತ್ತದೆ. ಒಡೆಯನಿಲ್ಲದ ಕಾಲದಲ್ಲಿ ಮನೆಯವರೇ ಹೊಲದ ಬದುವಿನಲ್ಲಿ ನಿಲ್ಲಿಸಿದ ಕಲ್ಲಿಗೆ ಅಪ್ಸರೆಯರನ್ನು ಕಡೆಯುವ ಶಿಲ್ಪಿಯನ್ನು ತರುವ ಶಕ್ತಿ ಇದ್ದಿರಲಾರದು. ಅಂತಹ ಕಲ್ಲಿದ್ದರೆ ಅದು ಒರಟಾಗಿಯೇ ಇರುತ್ತದೆ, ಹೆಸರನ್ನು ಕಲ್ಲು ಹೇಳುವುದಿಲ್ಲ; ವರ್ಷಕ್ಕೊಮ್ಮೆ ಅದಕ್ಕೆ ಕಾಯಿ ಒಡೆಯುವ ಮನೆಯವರು ಹೇಳಬೇಕು. ಕಾಯಿ ಒಡೆಯುವುದು ಯಾವ ತಿಂಗಳಲ್ಲಿ, ಯಾರ ಹೆಸರಿನಲ್ಲಿ ಎಂಬ ಎರಡು ಪ್ರಶ್ನೆಗಳನ್ನು ಕ್ಷೇತ್ರಕಾರ್ಯದ ಪ್ರಶ್ನಾವಳಿಗೆ ಸೇರಿಸಿಕೊಳ್ಳುವುದು ಕಷ್ಟವೇನಲ್ಲ. 1824ರ ಡಿಸೆಂಬರ್ ಮೊದಲ ವಾರ ಕಾರ್ತಿಕ ಕಳೆದು ಮಾರ್ಗಶಿರದ ಆಸುಪಾಸಿಗೆ ಬರುವ, ಸುಗ್ಗಿಗೆ ಮೊದಲಿನ, ಜೋಳ ಇನ್ನೂ ಹೊಲದಲ್ಲಿ ನಿಂತಿರುವ ಕಾಲ.